ಆ ಜಾಗಕ್ಕೆ ಹೋಗಬೇಡ

ಜೂನ್ 2

ಮೊಂಡನಿಗೆ,

ಆಶೀರ್ವಾದ ಕೊನೆಯಲ್ಲಿ ಮಾಡ್ತೀನಿ, ಮೊದಲು ಬೈಗುಳ ತಗೋ. ನಿನ್ನೆ ಫೋನಿನಲ್ಲಿ ನಿನ್ನ ಹೆಂಡತಿ ಬಾಯಿ ತಪ್ಪಿ ಹೇಳಿಬಿಟ್ಟಳು, ನೀನಿನ್ನೂ ಸಿಗರೇಟು ಬಿಟ್ಟಿಲ್ಲ ಅಂತ. ಮಗಳು ಹುಟ್ಟಿದ ದಿನವೇ ಬಿಟ್ಟೆ ಅಂತ ನನ್ನ ಕೈ ಹಿಡಿದು ಹೇಳಿದ್ದೆಯಲ್ಲೋ ಭಂಡ! ಅವಳ ಮೇಲೆ ರೇಗೋಕೆ ಹೋಗಬೇಡ. ಅವಳು ಪಾಪ ನಿನ್ನ ಪರವಾಗಿಯೇ ವಾದ ಮಾಡಿದಳು. "ಮನೇಲಿ ಸೇದಲ್ಲ ಅತ್ತಿಗೆ. ಮಕ್ಕಳೆಲ್ಲ ಇಳಿದ ಮೇಲೆ ಬಸ್ಸು ಶೆಡ್ಡಿಗೆ ಹಾಕಿ, ಹಿಂದಿನ ಸೀಟಿನಲ್ಲಿ ಕೂತು ಒಂದೇ ಒಂದು" ಅಂದಳು. ಒಂದೇ ಒಂದು! ನನ್ನ ವಾರ್ಡಿನಲ್ಲಿ ಮಲಗಿರೋರೆಲ್ಲ ಒಂದೇ ಒಂದು ಸೇದಿದವರೇ.

ಎದೆ ರೋಗದ ವಾರ್ಡಿನಲ್ಲಿ ತಲೆ ನರೆಸಿಕೊಂಡ ನರ್ಸು ನಾನು. ನನ್ನ ಒಡಹುಟ್ಟಿದವನು ಸ್ಕೂಲ್ ಬಸ್ಸಿನಲ್ಲಿ ಕೂತು ಹೊಗೆ ಬಿಡ್ತಾನೆ. ಯಾರಿಗಾದರೂ ಹೇಳಿಕೊಂಡರೆ ಮುಖಕ್ಕೆ ಉಗೀತಾರೆ. ತಮಾಷೆ ಸಾಕು. ಅಪ್ಪ ಕೊನೆಗಾಲದಲ್ಲಿ ಒಂದೊಂದು ಉಸಿರಿಗೂ ಪಟ್ಟ ಪಾಡು ನಾನು ನೋಡಿದ್ದೀನಿ. ನೀನಾಗ ಚಿಕ್ಕವನು, ನಿನ್ನನ್ನ ಹೊರಗೆ ಆಡೋಕೆ ಕಳಿಸಿಬಿಡ್ತಿದ್ದೆ. ನಿನ್ನನ್ನ ಆ ಸ್ಥಿತೀಲಿ ನೋಡೋ ಶಕ್ತಿ ನನಗಿಲ್ಲ ಕಣೋ. ನನಗೆ ಅಂತ ಇರೋನು ನೀನೊಬ್ಬ.

ಗುಣವಾಗಿ ಮನೆಗೆ ಹೊರಟವರನ್ನ ಕೂರಿಸಿಕೊಂಡು ಶನಿವಾರ ನಾನೊಂದು ಪಾಠ ಮಾಡ್ತೀನಲ್ಲ, ಒಳ್ಳೆ ಅಭ್ಯಾಸಗಳ ಪಾಠ. ಬೇಗ ಏಳಿ, ಎದ್ದ ಕೂಡಲೇ ಹಾಸಿಗೆ ಸರಿಮಾಡಿ, ನಡೀರಿ, ಯಾರ ಮೇಲಾದರೂ ಕೋಪ ಬಂದರೆ ಒಂದು ಲೋಟ ನೀರು ಕುಡಿದು ಆಮೇಲೆ ಬಾಯಿಬಿಡಿ, ಹೀಗೆಲ್ಲ. ಜನಕ್ಕೆ ಅದು ಸಪ್ಪೆ ಅನ್ನಿಸುತ್ತೆ. ಆದರೆ ಮನುಷ್ಯ ಉದ್ಧಾರ ಆಗೋದು ಈ ಸಪ್ಪೆ ವಿಷಯಗಳಿಂದಲೇ. ಅಲ್ಲಿ ನಾನು ಚಟ ಬಿಡೋಕೆ ಹೇಳಿಕೊಡೋ ಉಪಾಯ ಒಂದೇ. ಚಟ ಮನಸ್ಸಿನಲ್ಲಿರಲ್ಲ, ಜಾಗದಲ್ಲಿರುತ್ತೆ. ಕುಡಿಯೋನಿಗೆ ಆ ಮೂಲೆ ಮೇಜು, ನಿನಗೆ ಆ ಹಿಂದಿನ ಸೀಟು. ಮನಸ್ಸಿನ ಜೊತೆ ಜಗಳ ಆಡಬೇಡ, ಗೆಲ್ಲಲ್ಲ. ಆ ಜಾಗಕ್ಕೆ ಹೋಗಬೇಡ, ಅಷ್ಟೇ. ಬಸ್ಸು ನಿಲ್ಲಿಸಿದೆಯಾ, ಕೀ ತೆಗಿ, ನಿನ್ನ ಬಾಗಿಲಿಂದಲೇ ಕೆಳಗೆ ಧುಮುಕು, ಮನೆ ಕಡೆ ನಡಿ. ಹಿಂದಕ್ಕೆ ತಿರುಗಿಯೂ ನೋಡಬೇಡ. ಒಂದು ತಿಂಗಳು ನನ್ನ ಮಾತು ಕೇಳು.

ತಿಂಗಳಿಗೊಂದು ಕಾಗದ ಬರೀತೀನಿ ಅಂದಿದ್ದೆಯಲ್ಲ, ಅದೂ ನೆನಪಿರಲಿ. ಫೋನಿನಲ್ಲಿ ನೀನು ಬರೀ ಹೂಂ, ಹೂಂ. ಕಾಗದದಲ್ಲಿ ಹೂಂ ಅಂತ ಬರೆಯೋಕಾಗಲ್ಲ.

ಈಗ ಆಶೀರ್ವಾದ.
ಅಕ್ಕ


ಜೂನ್ 14

ಅಕ್ಕಾ,

ಹೂಂ.

ಬರೆಯೋಕಾಗುತ್ತೆ, ನೋಡಿದೆಯಾ?

ನಿನ್ನ ಕಾಗದ ಎದ್ದು ನಿಂತೇ ಓದಿದೆ, ಕೂತರೆ ಬೆನ್ನು ನೆಟ್ಟಗಿಡು ಅಂತ ಅದರೊಳಗಿಂದಲೇ ಗದರ್ತೀಯ ಅಂತ ಭಯ. ಸುಳ್ಳು ಹೇಳಿದ್ದಕ್ಕೆ ನಾಚಿಕೆ ಆಗಿದೆ, ನಿಜವಾಗ್ಲೂ. ಆದರೆ ನನ್ನ ಪಾಡೂ ಸ್ವಲ್ಪ ಕೇಳು. ದಿನವಿಡೀ ಬೆನ್ನ ಹಿಂದೆ ಮಕ್ಕಳ ಕಿರುಚಾಟ. ಒಬ್ಬ ಅಳ್ತಾನೆ, ಇನ್ನೊಬ್ಬಳು ಹಾಡ್ತಾಳೆ, ಮತ್ತೊಬ್ಬ ಅದೇ ಹಾಡಿಗೆ ವಾಂತಿ ಮಾಡ್ತಾನೆ. ಎಲ್ಲರೂ ಇಳಿದ ಮೇಲೆ ಬಸ್ಸು ಗಪ್‌ಚುಪ್ ಆಗುತ್ತಲ್ಲ, ಆಗ ಹಿಂದಿನ ಉದ್ದ ಸೀಟಿನವರೆಗೆ ನಿಧಾನಕ್ಕೆ ನಡೆದು ಹೋಗಿ, ಹಿಂಬಾಗಿಲು ತೆಗೆದು ಕಾಲು ಇಳಿಬಿಟ್ಟು ಕೂತರೆ, ಆಹಾ! ಅದೊಂದೇ ನನ್ನ ಹೊತ್ತು.

ಅಲ್ಲದೆ ಅದೊಂದು ಉಸ್ತುವಾರಿಯೂ ಹೌದು. ಬಸ್ಸಿನಲ್ಲಿ ಮಕ್ಕಳನ್ನ ಹತ್ತಿಸಿ ಇಳಿಸೋಕೆ ಒಬ್ಬರು ಆಯಮ್ಮ ಇದ್ದಾರಲ್ಲ, ಅವರಿಗೆ ಮಂಡಿ ನೋವು. ಕೊನೇ ಸ್ಟಾಪಿನಲ್ಲೇ ಅವರ ಮನೆ. ಇಳಿಯೋ ಮುಂಚೆ ಅವರು ಹಿಂದಿನವರೆಗೂ ಹೋಗಿ ಎಲ್ಲ ಸೀಟು ನೋಡಬೇಕು ಅಂತ ಸ್ಕೂಲಿನ ನಿಯಮ. ಒಂದು ದಿನ ಅವರು ಸೀಟು ಸೀಟು ಹಿಡ್ಕೊಂಡು ಕುಂಟೋದು ನೋಡಲಾರದೆ, "ನೀವು ಇಳೀರಿ ಆಯಮ್ಮ, ನಾನು ಹೇಗೂ ಹಿಂದೆ ಹೋಗ್ತೀನಿ, ನೋಡ್ಕೋತೀನಿ" ಅಂದೆ. ಅವತ್ತಿಂದ ಹಾಗೇ ನಡೀತಿದೆ. ಹಿಂದಿನ ಸೀಟಲ್ಲಿ ಏನೇನು ಸಿಗುತ್ತೆ ಅಂತೀಯ! ಒಂಟಿ ಶೂ, ಅರ್ಧ ತಿಂದ ಬ್ರೆಡ್ಡು, ಯಾರದೋ ಬಿದ್ದ ಹಾಲುಹಲ್ಲು ಕಾಗದದಲ್ಲಿ ಸುತ್ತಿಟ್ಟಿದ್ದು. ಆಯಮ್ಮ ಬೆಳಿಗ್ಗೆ ಅವನ್ನೆಲ್ಲ ಹಂಚೋ ಗತ್ತು ನೋಡಬೇಕು, ನ್ಯಾಯಾಧೀಶರ ಥರ.

ಸರಿ, ನಿನ್ನ ಉಪಾಯ ಮಾಡಿ ನೋಡ್ತೀನಿ. ಅಪ್ಪನ ಹೆಸರು ತೆಗೆದು ನನ್ನ ಬಾಯಿ ಕಟ್ಟಿಬಿಟ್ಟೆ. ನಾಳೆಯಿಂದ ಧುಮುಕ್ತೀನಿ.

ನಿನ್ನ ಭಂಡ


ಜುಲೈ 10

ನನ್ನ ಬಂಗಾರಕ್ಕೆ,

ನಿನ್ನ ಹೆಂಡತಿ ಫೋನ್ ಮಾಡಿದ್ದಳು. ಅಂಗಿಯಲ್ಲಿ ವಾಸನೆ ಇಲ್ಲ, ಹೊತ್ತು ಮುಳುಗೋ ಮುಂಚೆ ಮನೇಲಿರ್ತಾರೆ, ಮಗಳ ಜೊತೆ ಅಂಗಳದಲ್ಲಿ ಚೆಂಡಾಡ್ತಾರೆ ಅಂದಳು. ಕೇಳಿ ನನಗೆ ಕಣ್ಣಲ್ಲಿ ನೀರು ಬಂತು ಕಣೋ. ಪಕ್ಕದಲ್ಲಿ ಔಷಧಿ ಕೊಡ್ತಿದ್ದ ಹುಡುಗಿ ಗಾಬರಿಯಾಗಿ, ಯಾರು ಹೋದ್ರು ಸಿಸ್ಟರ್ ಅಂತ ಕೇಳಿದಳು. ಯಾರೂ ಹೋಗಲಿಲ್ಲ, ಒಬ್ಬ ಉಳಿದ ಅಂದೆ.

ಈ ಶನಿವಾರ ಪಾಠದಲ್ಲಿ ನಿನ್ನ ಕಥೆಯನ್ನೇ ಹೇಳಿದೆ. ಹೆಸರು ಹೇಳಲಿಲ್ಲ, "ನನಗೆ ಗೊತ್ತಿರೋ ಒಬ್ಬ ಡ್ರೈವರು" ಅಂದೆ. ಹಿಂದಿನ ಸೀಟು, ಹಿಂಬಾಗಿಲು, ಕಾಲು ಇಳಿಬಿಡೋದು, ಎಲ್ಲ ಹೇಳಿ, ಆಮೇಲೆ ಒಂದೇ ಏಟಿಗೆ ಹೇಗೆ ಬಿಟ್ಟ ಅಂತ ಹೇಳಿದೆ. ಕೆಮ್ಮೋರೂ ಕೆಮ್ಮು ನಿಲ್ಲಿಸಿ ಕೇಳಿದರು. ದೊಡ್ಡ ಡಾಕ್ಟರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಆಸ್ಪತ್ರೆಯ ವಾರ್ಷಿಕ ಸಭೆಯಲ್ಲಿ ಇದನ್ನೇ ಮಾತಾಡಿ ಅಂದಿದ್ದಾರೆ. ನನಗೆ ಈಗಿಂದಲೇ ಯಾವ ಸೀರೆ ಉಡೋದು ಅನ್ನೋ ಚಿಂತೆ.

ಒಂದು ಒಳ್ಳೆ ಅಭ್ಯಾಸ ಬಂದರೆ ಅದು ತನ್ನ ನೆಂಟರನ್ನೂ ಕರಕೊಂಡು ಬರುತ್ತೆ. ಇನ್ನು ಸಂಜೆ ಊಟದ ಮುಂಚೆ ಒಂದು ಸುತ್ತು ನಡಿ. ಮಗಳಿಗೆ ದಿನಾ ಏನಾದರೂ ಓದಿ ಹೇಳು. ಜಾಸ್ತಿ ತಿನ್ನಬೇಡ, ಸಿಗರೇಟು ಬಿಟ್ಟವರಿಗೆ ಹೊಟ್ಟೆ ಬರುತ್ತೆ.

ಹೆಮ್ಮೆಯಿಂದ,
ಅಕ್ಕ


ಜುಲೈ 28

ಅಕ್ಕಾ,

ಹೊಟ್ಟೆ ಬಂದಾಯ್ತು. ಬೆಲ್ಟಿನಲ್ಲಿ ಹೊಸ ತೂತು ಕೊರೆಸಿದೆ.

ನಾನು ನಿನ್ನನ್ನ ಹೊಗಳೋದು ಕಮ್ಮಿ, ಹಾಗಾಗಿ ಇದನ್ನ ಎರಡು ಸಲ ಓದಿಕೋ. ನೀನು ಹೇಳಿದ್ದು ಸರಿ. ಮೊದಮೊದಲು ಬಸ್ಸು ನಿಲ್ಲಿಸಿದ ಕೂಡಲೇ ಹಿಂದಕ್ಕೆ ಎಳೀತಿತ್ತು, ಯಾರೋ ಕರೆದ ಹಾಗೆ. ಕಿವಿ ಮುಚ್ಚಿಕೊಂಡು ಇಳಿದುಬಿಡ್ತಿದ್ದೆ. ಈಗ ನೆನಪೇ ಬರಲ್ಲ. ಕೀ ತೆಗೆಯೋದು ಗೊತ್ತು, ಮನೆ ಬಾಗಿಲು ಗೊತ್ತು, ಮಧ್ಯೆ ಏನಾಯ್ತು ಗೊತ್ತಿಲ್ಲ. ಬಾಟ್ಲಿ, ಸ್ವೆಟರ್ ಎಲ್ಲ ಮಾರನೇ ದಿನ ಬೆಳಿಗ್ಗೆ ಮಕ್ಕಳಿಗೇ ಸಿಗುತ್ತೆ. ಆಯಮ್ಮನ ದರ್ಬಾರು ನಿಂತುಹೋಗಿದೆ.

ಮನೆ ಶೆಡ್ಡಿನ ಹಿಂದಿನ ಬೀದಿಯೇ ಅಲ್ವಾ, ಬಿಸಿಲಿರುವಾಗಲೇ ತಲುಪ್ತೀನಿ. ಮಗಳು ಗೇಟಿನ ಮೇಲೆ ಹತ್ತಿ ನಿಂತಿರ್ತಾಳೆ. ಚೆಂಡಾಟದಲ್ಲಿ ನನಗೆ ಮೋಸ ಮಾಡ್ತಾಳೆ, ನಿನ್ನ ಹಾಗೇ. ಅಕ್ಕಾ, ಇಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ. ಇಷ್ಟು ದಿನ ಆ ಹೊತ್ತನ್ನೆಲ್ಲ ಹೊಗೆ ಮಾಡಿ ಊದಿಬಿಟ್ಟೆನಲ್ಲ ಅಂತ ಬೇಜಾರು.

ಸಭೆಗೆ ಆ ಹೊಸ ಹಸಿರು ಸೀರೆ ಉಡು.

ತಮ್ಮ


ಸೆಪ್ಟೆಂಬರ್ 6

ಅಕ್ಕಾ,

ಹೋದ ತಿಂಗಳು ಬರೆಯಲಿಲ್ಲ, ಕ್ಷಮಿಸು. ಎಲ್ಲ ಚೆನ್ನಾಗಿದೆ.

ಒಂದು ವಿಷಯ ಕೇಳಬೇಕಿತ್ತು. ಇಲ್ಲೇ ಹತ್ತಿರದ ಒಂದು ಮಗು, ಐದಾರು ವರ್ಷದ್ದು, ಕಿಟಕಿ ಬಾಗಿಲು ಹಾಕಿದ ಕಡೆ ಸೆಕೆಯಲ್ಲಿ ಸಿಕ್ಕಿಹಾಕಿಕೊಂಡು ಬಹಳ ಹೊತ್ತು ಕೂಗಿತಂತೆ. ಗಂಟಲು ಕಟ್ಟಿದೆ. ಮೊದಲಿನ ದನಿ ಮತ್ತೆ ಬರುತ್ತಾ? ಅಂಥ ಮಗುವಿನ ತಲೆಗೆ ಏನಾದರೂ ಪೆಟ್ಟಾಗಿರುತ್ತಾ, ಮುಂದೆ ಯಾವತ್ತಾದರೂ ಗೊತ್ತಾಗೋ ಥರ? ಇಲ್ಲಿನ ಡಾಕ್ಟರು ಏನೂ ಆಗಿಲ್ಲ ಅಂದಿದ್ದಾರೆ. ನೀನು ಹೇಳಿದರೆ ಸಮಾಧಾನ.

ಬೇಗ ಬರಿ.

ತಮ್ಮ


ಸೆಪ್ಟೆಂಬರ್ 15

ಮೊಂಡನಿಗೆ,

ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ. ಎಚ್ಚರ ತಪ್ಪಿಲ್ಲ, ಊಟ ತಿಂಡಿ ಮಾಡ್ತಿದೆ, ಆಡ್ತಿದೆ ಅಂದರೆ ಹೆದರೋದು ಬೇಡ. ಮಾತು ಕಮ್ಮಿ ಮಾಡಿಸಿ, ಬೆಚ್ಚಗಿನ ನೀರು ಕುಡಿಸಲಿ, ದನಿ ತಾನಾಗೇ ಬರುತ್ತೆ. ದನಿಗಿಂತ ಭಯ ಹೋಗೋದು ನಿಧಾನ, ಮುಚ್ಚಿದ ಜಾಗ ಕಂಡರೆ ಕೆಲವು ದಿನ ಅಳಬಹುದು. ಅಂಥ ಎಳೆ ಕೂಸನ್ನ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡು ಹೋದವರಿಗೆ ಮಾತ್ರ ಸರಿಯಾಗಿ ನಾಲ್ಕು ಬಿಗೀಬೇಕು. ಎಲ್ಲಿ ಮೈಮರೆತಿದ್ದರೋ!

ಆದರೆ ಮೊಂಡ, ಊರಿನವರ ಕಷ್ಟವನ್ನೆಲ್ಲ ತಲೆಗೆ ಹಾಕಿಕೊಳ್ಳೋದೂ ಒಂದು ಕೆಟ್ಟ ಅಭ್ಯಾಸವೇ. ನೀನು ಊಟ ಸರಿಯಾಗಿ ಮಾಡಲ್ಲ, ಮಗಳ ಜೊತೆ ಆಡಲ್ಲ ಅಂತ ಕೇಳಿದೆ. ನನಗೆ ಇದೆಲ್ಲ ಹೊಸದಲ್ಲ. ಚಟ ಬಿಟ್ಟವರಿಗೆ ಎರಡು ಮೂರು ತಿಂಗಳಾದ ಮೇಲೆ ಹೀಗೊಂದು ಮಂಕು ಕವಿಯುತ್ತೆ, ನಾನು ನೂರಾರು ಜನರಲ್ಲಿ ನೋಡಿದ್ದೀನಿ. ಕನ್ನಡಿ ಮುಂದೆ ನಿಂತು ಬೇಕಂತಲೇ ಸ್ವಲ್ಪ ನಗು. ನಾಟಕ ಅನ್ನಿಸಿದರೂ ಸರಿ, ಮನಸ್ಸು ಹಿಂದಿನಿಂದ ಬರುತ್ತೆ.

ವಾರ್ಷಿಕ ಸಭೆ ಮುಗೀತು. ಹಸಿರು ಸೀರೆಯನ್ನೇ ಉಟ್ಟೆ. "ಅವನು ಹಿಂದಕ್ಕೆ ತಿರುಗಿಯೂ ನೋಡಲಿಲ್ಲ" ಅಂತ ಮುಗಿಸಿದಾಗ ಎಷ್ಟು ಚಪ್ಪಾಳೆ ಗೊತ್ತಾ? ಅದೆಲ್ಲ ನಿನ್ನದು ಕಣೋ.

ಅಕ್ಕ


ಅಕ್ಟೋಬರ್ 8

ತಮ್ಮನಿಗೆ,

ಅಂಗಿಯಲ್ಲಿ ಮತ್ತೆ ವಾಸನೆ ಬರ್ತಿದೆಯಂತೆ. ಒಂದೇ ಒಂದೂ ಅಲ್ಲ, ಪ್ಯಾಕೆಟ್ಟುಗಟ್ಟಲೆ. ಬಸ್ಸು ನಿಲ್ಲಿಸಿ ಅದೇ ಹಿಂದಿನ ಸೀಟಿನಲ್ಲಿ ಗಂಟೆಗಟ್ಟಲೆ ಕೂತಿರ್ತೀಯಂತೆ. ಮನೆಗೆ ಬರೋ ಹೊತ್ತಿಗೆ ಮಗಳು ಕಾದು ಕಾದು ಗೇಟು ಬಿಟ್ಟು ಒಳಗೆ ಹೋಗಿರ್ತಾಳಂತೆ. ನಿನ್ನ ಹೆಂಡತಿ ಅಳ್ತಾ ಹೇಳಿದಳು.

ಒಂದು ಲೋಟ ನೀರು ಕುಡಿದೆ, ಕೋಪ ಇಳೀಲಿಲ್ಲ. ಇನ್ನೊಂದು ಕುಡಿದೆ. ಊರಿಗೆಲ್ಲ ನಿನ್ನ ಕಥೆ ಹೇಳಿಕೊಂಡು ಮೆರೆದ ನಾನು ಈಗ ಯಾವ ಮುಖ ಇಟ್ಟುಕೊಂಡು ಶನಿವಾರ ಆ ಕುರ್ಚಿ ಮೇಲೆ ಕೂರಲಿ? ಬೀಳೋದು ತಪ್ಪಲ್ಲ, ಎಲ್ಲರೂ ಬೀಳ್ತಾರೆ. ಮುಚ್ಚಿಟ್ಟೆಯಲ್ಲ, ಅದು ತಪ್ಪು. "ಎಲ್ಲ ಚೆನ್ನಾಗಿದೆ" ಅಂತ ಬರೆದೆಯಲ್ಲ, ನಿನಗೆ ಕೈ ಹೇಗೆ ಬಂತೋ? ನನಗೋಸ್ಕರ ಬೇಡ, ನಿನ್ನ ಮಗಳ ಮುಖ ನೋಡಿಯಾದರೂ ಬೇಡ ಅನ್ನಿಸಲಿಲ್ವಾ? ಇಷ್ಟು ಕಲ್ಲು ಮನಸ್ಸಿನವನು ನೀನು ಅಂತ ನನಗೆ ಗೊತ್ತಿರಲಿಲ್ಲ.

ಆ ಸೀಟಿನಲ್ಲಿ ಅಂಥದ್ದೇನಿದೆ ನಿನಗೆ? ಅದಕ್ಕೊಂದು ಉತ್ತರ ಕೊಡು. ಇಲ್ಲದಿದ್ದರೆ ಬರೀಬೇಡ.

ಅಕ್ಕ


ಅಕ್ಟೋಬರ್ 16

ಅಕ್ಕಾ,

ಆ ಸೀಟಿನಲ್ಲಿ ಒಂದು ಮಗು ಮಲಗಿತ್ತು.

ನಿನಗೆ ಹೇಳಬಾರದು ಅಂತಲೇ ಇದ್ದೆ, ಹೆಂಡತಿಗೂ ಬಾಯಿ ಬಿಡಬೇಡ ಅಂದಿದ್ದೆ. ನೀನು ಕೇಳಿದೆ, ಹೇಳ್ತೀನಿ. ಆಗಸ್ಟ್ ಕೊನೇ ವಾರ. ಅವಳನ್ನ ಬಸ್ಸಿನಲ್ಲೆಲ್ಲ ಗುಬ್ಬಿ ಅಂತ ಕರೀತೀವಿ, ಒಂದನೇ ತರಗತಿ. ಯಾವಾಗಲೂ ನನ್ನ ಹಿಂದಿನ ಸೀಟಲ್ಲಿ ಕೂತು ತಲೆ ತಿನ್ನೋಳು. ಅವತ್ತು ಸ್ವಲ್ಪ ಜ್ವರ ಅಂತ ಹಿಂದೆ ಹೋಗಿ ಉದ್ದ ಸೀಟಿನಲ್ಲಿ ಮಲಗಿಬಿಟ್ಟಿದ್ದಾಳೆ. ಅವಳ ಸ್ಟಾಪಿನಲ್ಲಿ ಪಕ್ಕದ ಮನೆಯಾಕೆ ಬೀದಿಯ ಮಕ್ಕಳನ್ನೆಲ್ಲ ಇಳಿಸಿಕೊಂಡು ಹೋಗೋದು. ಮುಂದಿನ ಸೀಟು ಖಾಲಿ ಇದ್ದದ್ದು ನೋಡಿ, ಜ್ವರ ಅಂತ ಸ್ಕೂಲಿಗೇ ಬಂದಿಲ್ಲ ಅಂದುಕೊಂಡಳು ಆಕೆ. ಗುಬ್ಬಿಯ ಅಮ್ಮ ಅವತ್ತು ಸಂಜೆಯವರೆಗೂ ಮನೆಯಲ್ಲಿರಲಿಲ್ಲ. ಬೆಳಿಗ್ಗೆ ಹತ್ತಿದ್ದು ಮರೆತು ಆಯಮ್ಮನೂ ಹಾಗೇ ಅಂದುಕೊಂಡರು. ಕೊನೇ ಸ್ಟಾಪಿನಲ್ಲಿ ಆಯಮ್ಮ ಇಳಿದರು, ಹಿಂದೆ ನಾನು ನೋಡ್ತೀನಿ ಅನ್ನೋ ಧೈರ್ಯದ ಮೇಲೆ. ನಾನು ಶೆಡ್ಡಿಗೆ ಹಾಕಿದೆ, ಕೀ ತೆಗೆದೆ, ಧುಮುಕಿದೆ. ಸಿಗರೇಟಿನ ಜೊತೆ ಆಯಮ್ಮನಿಗೆ ಕೊಟ್ಟ ಮಾತನ್ನೂ ಬಿಟ್ಟುಬಿಟ್ಟಿದ್ದೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ, ಅಕ್ಕ. ಇಷ್ಟು ದಿನ ಹಿಂದಕ್ಕೆ ನಡೀತಿದ್ದದ್ದು ನನ್ನ ಚಟ, ನಾನಲ್ಲ.

ಸಂಜೆ ಕಾವಲುಗಾರ ಕೆಲಸಕ್ಕೆ ಬಂದಾಗ ಬಸ್ಸಿನ ಹಾರ್ನ್ ಕೇಳಿ ಬಾಗಿಲು ತೆಗೆದ. ಬೆವರಿ, ಉಚ್ಚೆ ಮಾಡಿಕೊಂಡು, ದನಿ ಇಲ್ಲದೆ ಬಾಯಿ ಮಾತ್ರ ಆಡಿಸ್ತಿದ್ದಳಂತೆ. ಆಸ್ಪತ್ರೆಯಲ್ಲಿಟ್ಟುಕೊಂಡು ಮಾರನೇ ದಿನ ಕಳಿಸಿದರು. ಜೀವಕ್ಕೇನೂ ಆಗಲಿಲ್ಲ. ನಾಲ್ಕು ಬಿಗೀಬೇಕು ಅಂತ ಬರೆದಿದ್ದೆಯಲ್ಲ, ಅದು ನನಗೇ.

ಇದಕ್ಕಿಂತ ಹೇಸಿಗೆಯದು ಮುಂದಿದೆ. ಹೆಡ್‌ಮೇಡಂ ನಮ್ಮಿಬ್ಬರನ್ನೂ ಕೋಣೆಗೆ ಕರೆಸಿದರು. ಕೊನೇ ಸೀಟಿನವರೆಗೆ ನೋಡೋದು ಯಾರ ಕೆಲಸ ಅಂತ ಕೇಳಿದರು. ಆಯಮ್ಮ ನನ್ನ ಕಡೆ ತಿರುಗಿದರು. ನಾನು ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟು ನೋಡ್ತಾ ನಿಂತೆ. ಅದರೊಳಗೆ ಒಂದು ಕೆಂಪು ಹೂವಿತ್ತು. ಆಯಮ್ಮ ಸ್ವಲ್ಪ ಹೊತ್ತು ಕಾದು, "ನನ್ನ ಕೆಲಸ ಮೇಡಂ" ಅಂದರು. ಅಷ್ಟೇ ಅಂದರು. ನಾಳೆಯಿಂದ ಬರಬೇಡಿ ಅಂದರು ಹೆಡ್‌ಮೇಡಂ. ನಾನು ಆಗಲೂ ಆ ಹೂವನ್ನೇ ನೋಡ್ತಿದ್ದೆ.

ಈಗ ಅವರು ಒಂದು ಕ್ಯಾಂಟೀನಿನಲ್ಲಿ ಪಾತ್ರೆ ತೊಳೀತಾರೆ, ನಿಂತುಕೊಂಡು, ಆ ಮಂಡಿಯಲ್ಲಿ.

ನಿನ್ನ ತಪ್ಪು ಅಂತ ಹೇಳ್ತಿಲ್ಲ. ಕೆಲವು ದಿನ ಹಾಗೂ ಅಂದುಕೊಂಡೆ, ಸುಳ್ಳು ಹೇಳಲ್ಲ. ಚಪ್ಪಾಳೆ ವಿಷಯ ಓದಿದ ದಿನ ನಿನ್ನ ಕಾಗದ ಹರಿದುಹಾಕಿದೆ. ಆದರೆ ಸಿಗರೇಟು ಬಿಡು ಅಂದಿದ್ದು ನೀನು, ಆ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದು ನಾನು. ಎಲ್ಲದಕ್ಕೂ ನಿನ್ನ ಹತ್ತಿರ ಒಂದು ಉಪಾಯ ಇರುತ್ತೆ. ಇದಕ್ಕೇನು ಮಾಡಲಿ, ಹೇಳು.

ತಮ್ಮ


ಅಕ್ಟೋಬರ್ 22

ನನ್ನ ಕಂದ,

ಕಲ್ಲು ಮನಸ್ಸು ಅಂತ ಬರೆದ ಈ ಕೈ ಸೇದಿಹೋಗಬಾರದೇ? ಮಂಕು ಅಂದೆ, ಚಟ ಅಂದೆ, ಕನ್ನಡಿ ಮುಂದೆ ನಗು ಅಂದೆ. ನೀನು ಅಲ್ಲಿ ಬೇಯುತ್ತಿದ್ದರೆ ನಾನು ಇಲ್ಲಿ ಸೀರೆ ಆರಿಸ್ತಿದ್ದೆ. ಹಿಂದಕ್ಕೆ ತಿರುಗಿಯೂ ನೋಡಬೇಡ ಅಂತ ಬರೆದವಳು ನಾನು. ಬೇರೆ ಏನಾದರೂ ಹೇಳಬಹುದಿತ್ತು. ಇಡೀ ಬಸ್ಸಿನಲ್ಲಿ ಹೋಗಬಾರದ ಜಾಗ ಅಂತ ನಾನು ತೋರಿಸಿದ್ದು ಹೋಗಲೇಬೇಕಾದ ಜಾಗವನ್ನ. ನಿನ್ನ ಜೂನ್ ತಿಂಗಳ ಕಾಗದದಲ್ಲಿ ಆಯಮ್ಮನ ಮಂಡಿ ವಿಷಯ ಸ್ಪಷ್ಟವಾಗಿ ಇದೆ. ಅದನ್ನ ಓದಿ ನಾನು ನಕ್ಕಿದ್ದೆ, ಹಾಲುಹಲ್ಲಿಗೆ. ಯೋಚನೆ ಮಾಡಲಿಲ್ಲ.

ನೀನು ಉಪಾಯ ಕೇಳಿದ್ದೀಯ. ಇದನ್ನ ಓದಿ ಸುಟ್ಟುಹಾಕು. ಸುಮ್ಮನಿರು. ಹೌದು, ನಾನೇ ಹೇಳ್ತಿದ್ದೀನಿ. ಮಗು ಗುಣವಾಗಿದೆ, ಆಯಮ್ಮನಿಗೆ ಇನ್ನೊಂದು ಕೆಲಸ ಸಿಕ್ಕಿದೆ, ವಿಷಯ ತಣ್ಣಗಾಗಿದೆ. ಈಗ ಹೋಗಿ ಹೇಳಿದರೆ ಕೆಲಸ ಹೋಗುತ್ತೆ, ಪೊಲೀಸರವರೆಗೂ ಹೋಗಬಹುದು, ಇನ್ನು ಯಾರೂ ನಿನ್ನ ಕೈಗೆ ಸ್ಟೀರಿಂಗ್ ಕೊಡಲ್ಲ. ನಿನ್ನ ಮಗಳನ್ನ ಬೀದಿಯವರು ಯಾವ ಹೆಸರಿಂದ ಕರೀತಾರೆ, ಯೋಚನೆ ಮಾಡು. ಪಾಪ ನನ್ನದು, ನಾನು ಹೊರ್ತೀನಿ. ನೀನು ಬಸ್ಸು ಓಡಿಸು, ಮನೆಗೆ ಹೋಗು, ಮಗಳ ಜೊತೆ ಆಡು. ದಿನಾ ಸ್ವಲ್ಪ ಸ್ವಲ್ಪ ಕಮ್ಮಿಯಾಗುತ್ತೆ. ನಿನ್ನನ್ನ ಎತ್ತಿ ಆಡಿಸಿದವಳು ಬೇಡಿಕೊಳ್ತಿದ್ದೀನಿ.

ಅಕ್ಕ


ನವೆಂಬರ್ 20

ಅಕ್ಕಾ,

ನಿನ್ನ ಮಾತು ಕೇಳಿದೆ. ಸುಮ್ಮನಿದ್ದು ನೋಡಿದೆ.

ಸುಮ್ಮನಿರೋದು ಎಷ್ಟು ಬೇಗ ಅಭ್ಯಾಸವಾಗುತ್ತೆ ಗೊತ್ತಾ? ನಿನ್ನ ವಿದ್ಯೆಯನ್ನೇ ಬಳಸಿದೆ. ಕ್ಯಾಂಟೀನಿನ ಮುಂದೆ ಹೋದರೆ ಆಯಮ್ಮ ಕಾಣ್ತಿದ್ದರು, ಸರಿ, ಆ ದಾರಿ ಬಿಟ್ಟು ಕೆರೆ ಏರಿ ಮೇಲಿಂದ ಸುತ್ತಿಕೊಂಡು ಬಂದೆ. ಗುಬ್ಬಿಯ ಬೀದಿಗೆ ಹೋಗಬೇಕಾದಾಗ ಬಸ್ಸಿನ ಕನ್ನಡಿ ಕಡೆ ನೋಡಲಿಲ್ಲ. ಹೊಸ ಆಯಾಗೆ ಹಳೇ ಆಯಮ್ಮನ ಮಾತೆತ್ತಬೇಡ ಅಂದೆ. ಮೊದಲು ಕಷ್ಟವಾಯ್ತು, ಆಮೇಲೆ ಹಗುರವಾಯ್ತು. ಹೋದ ವಾರ ಒಂದು ಸಂಜೆ ಊಟಕ್ಕೆ ಕೂತಾಗ ನನ್ನ ಹೆಂಡತಿ ಏನೋ ತಮಾಷೆ ಮಾಡಿದಳು, ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ. ನಗು ಮುಗಿದ ಮೇಲೆ ನೆನಪಾಯ್ತು, ಇವತ್ತಿಡೀ ದಿನ ಆಯಮ್ಮನ ಯೋಚನೆ ಒಂದು ಸಲವೂ ಬಂದಿಲ್ಲ. ತಟ್ಟೆ ಬಿಟ್ಟು ಎದ್ದೆ ಅಕ್ಕ. ಇನ್ನೊಂದು ತಿಂಗಳು ಬಿಟ್ಟರೆ ನಾನು ಪೂರ್ತಿ ಸುಖವಾಗಿರ್ತಿದ್ದೆ. ಅದಕ್ಕೇ ಭಯವಾಯ್ತು.

ಮಾರನೇ ದಿನ ಹೆಡ್‌ಮೇಡಂಗೆ ಹೇಳಿದೆ, ಸಿಗರೇಟಿನಿಂದ ಹಿಡಿದು ಪೇಪರ್‌ವೇಟಿನವರೆಗೆ. ಕೀ ಇಡಿ ಅಂದರು. ಇಟ್ಟೆ. ಸ್ಕೂಲಿನವರು ದೂರು ಕೊಡ್ತಾರೋ ಇಲ್ಲವೋ ಇನ್ನೂ ಗೊತ್ತಿಲ್ಲ.

ಅಲ್ಲಿಂದ ಗುಬ್ಬಿಯ ಮನೆಗೆ ಹೋದೆ. ಅವಳ ಅಮ್ಮ ಬಟ್ಟೆ ಹೊಲೀತಾಳೆ. ನಾನು ಹೇಳ್ತಾ ಹೋದೆ, ಅವಳು ಮೆಷಿನ್ ತುಳೀತಾನೇ ಇದ್ದಳು. ಗುಬ್ಬಿ ಒಳಗಿಂದ ಬಂದು ಅಮ್ಮನ ಕುರ್ಚಿ ಹಿಂದೆ ನಿಂತುಕೊಂಡಳು. ದನಿ ಸರಿಯಾಗಿದೆ, ನೀನು ಹೇಳಿದ ಹಾಗೆ. "ಮಾಮಾ, ನಾನು ಹಾರ್ನ್ ಒತ್ತಿದೆ. ನಿನಗೆ ಕೇಳಿಸ್ಲಿಲ್ವಾ?" ಅಂದಳು.

ಹೋದ ಕಾಗದದಲ್ಲಿ ನಿನಗೆ ಎಲ್ಲ ಹೇಳಿದೆ ಅಂದುಕೊಂಡೆಯಲ್ಲ, ಎಲ್ಲ ಹೇಳಿರಲಿಲ್ಲ. ನನಗೆ ಕೇಳಿಸಿತ್ತು ಅಕ್ಕ. ಅಂಗಳದಲ್ಲಿ ಮಗಳ ಜೊತೆ ಚೆಂಡಾಡ್ತಿದ್ದೆ. ಶೆಡ್ಡಿನ ಕಡೆಯಿಂದ ಹಾರ್ನ್ ಬಂತು, ಸ್ವಲ್ಪ ಸ್ವಲ್ಪ, ಬಿಟ್ಟು ಬಿಟ್ಟು. ನನ್ನ ಬಸ್ಸಿನ ಹಾರ್ನ್ ನನಗೆ ಗೊತ್ತಾಗಲ್ವಾ? ಯಾವನೋ ಮೆಕ್ಯಾನಿಕ್ಕು ಆಟ ಆಡ್ತಿದ್ದಾನೆ, ಈಗ ಕೆಲಸದ ಕಡೆ ತಲೆ ಹಾಕಬಾರದು, ಇದು ಮಗಳ ಹೊತ್ತು ಅಂದುಕೊಂಡೆ. ಚೆಂಡು ಎಸೆದೆ.

ಗುಬ್ಬಿಗೆ ಅದನ್ನೇ ಹೇಳಿದೆ. "ಕೇಳಿಸ್ತು ಪುಟ್ಟಾ, ಬರಲಿಲ್ಲ." ಮೆಷಿನ್ ನಿಂತಿತು. ಅವಳ ಅಮ್ಮ ಎದ್ದು ಬಾಗಿಲು ತೋರಿಸಿದಳು.

ಕೊನೆಗೆ ಆಯಮ್ಮನ ಹತ್ತಿರ. ಸ್ಕೂಲಿನವರು ಮತ್ತೆ ಕರೀತಾರೆ ಆಯಮ್ಮ, ಬನ್ನಿ ಅಂದೆ. ಕೈ ಒರೆಸಿಕೊಂಡು ಹೊರಗೆ ಬಂದು, "ಹೋಗ್ತೀನಿ ಡ್ರೈವರಪ್ಪ, ನನಗೆ ಮಕ್ಕಳು ಬೇಕು" ಅಂದರು. ಸಿಟ್ಟಿದ್ದರೆ ಬೈದುಬಿಡಿ ಅಂತ ಕಾಲು ಹಿಡ್ಕೊಂಡೆ. ಎಬ್ಬಿಸಿದರು. "ನೀನು ಹಿಂದೆ ನೋಡದಿದ್ದದ್ದಕ್ಕೆ ಸಿಟ್ಟಿಲ್ಲ ಮಗಾ, ನಾನೂ ನೋಡಲಿಲ್ಲ. ಆ ಕೋಣೆಯಲ್ಲಿ ನನ್ನ ಮುಖ ನೋಡಲಿಲ್ಲವಲ್ಲ, ಅದನ್ನ ಏನು ಮಾಡಿದರೂ ಮರೆಯೋಕಾಗ್ತಿಲ್ಲ" ಅಂದರು. ಇನ್ನು ಮೇಲೆ ಹಿಂದಿನ ಸೀಟಿನವರೆಗೆ ತಾವೇ ನಡೀತಾರಂತೆ. ಮಂಡಿ ಹೇಗಿದ್ದರೂ ಸರಿ, ಯಾರ ಮಾತನ್ನೂ ನಂಬಲ್ಲ ಅಂದರು. ಬೇಡ ಅನ್ನೋ ಹಕ್ಕು ನನಗೆಲ್ಲಿದೆ?

ಒಂದು ಗ್ಯಾರೇಜಿನಲ್ಲಿ ಗಾಡಿ ತೊಳೆಯೋ ಕೆಲಸ ಸಿಕ್ಕಿದೆ. ಸಿಗರೇಟು ಬಿಟ್ಟಿಲ್ಲ. ಹುಟ್ಟಿದಾಗಿಂದ ನೀನು ಹೇಳಿಕೊಟ್ಟಿದ್ದೆಲ್ಲ ಒಳ್ಳೆಯದೇ ಅಕ್ಕ, ಆ ಒಂದು ಕಾಗದ ಬಿಟ್ಟು. ಅದನ್ನ ಸುಟ್ಟಿಲ್ಲ. ನನ್ನ ಮೇಲಿನ ಪ್ರೀತಿಗೆ ಬರೆದೆ ಅಂತ ಗೊತ್ತು.

ತಮ್ಮ


ನವೆಂಬರ್ 29

ತಮ್ಮನಿಗೆ,

ಪ್ರೀತಿಗೆ ಬರೆದೆ ಅಂದಿದ್ದೀಯ. ಅದನ್ನ ಹಾಗೇ ಬಿಟ್ಟುಬಿಡಬಹುದಿತ್ತು, ಬಿಡೋಕೆ ಆಗ್ತಿಲ್ಲ. ಪ್ರೀತಿ ಇತ್ತು, ಇಲ್ಲ ಅಂತಲ್ಲ. ಆದರೆ ನಿನ್ನ ಅಕ್ಟೋಬರ್ ಕಾಗದದಲ್ಲಿ ಮೊದಲ ಸಾಲು ಓದಿದಾಗ ನನಗೆ ಮೊದಲು ನೆನಪಾದದ್ದು ಮಗು ಅಲ್ಲ, ಆಯಮ್ಮ ಅಲ್ಲ, ನೀನೂ ಅಲ್ಲ. ಆ ಸಭೆ. ದೊಡ್ಡ ಡಾಕ್ಟರಿಗೆ, ಅಲ್ಲಿ ಚಪ್ಪಾಳೆ ತಟ್ಟಿದವರಿಗೆ ಇದು ಗೊತ್ತಾದರೆ ನನ್ನ ಗತಿಯೇನು ಅಂತ. ಆಮೇಲೆ ಅತ್ತುಬಿಟ್ಟೆ, ಆಮೇಲೆ ನಿನಗೆ ಸುಮ್ಮನಿರು ಅಂತ ಬರೆದೆ. ನಿನ್ನ ಮಗಳ ಹೆಸರು ಮುಂದೆ ಮಾಡಿದೆ. ಆ ಪೇಪರ್‌ವೇಟು ನಾನೂ ನೋಡ್ತಾ ಕೂತಿದ್ದೆ ಕಣೋ.

ಈ ಶನಿವಾರ ಪಾಠಕ್ಕೆ ಬಂದವರಿಗೆ ಆ ಕಥೆಯನ್ನ ಪೂರ್ತಿ ಹೇಳಿದೆ. ಡ್ರೈವರು ನನ್ನ ತಮ್ಮ, ಉಪಾಯ ನನ್ನದು, ಸುಮ್ಮನಿರು ಅಂದವಳೂ ನಾನೇ ಅಂದೆ. ಒಬ್ಬ ಮುದುಕ, "ಹಾಗಾದರೆ ನಾವು ಸಿಗರೇಟು ಬಿಡೋದಾ ಬೇಡವಾ ಸಿಸ್ಟರ್?" ಅಂದ. ಬಿಡಿ ಅಂದೆ. ಬೇರೆ ಏನು ಹೇಳಲಿ? ಎಲ್ಲರೂ ಎದ್ದು ಹೋದರು.

ಆಯಮ್ಮನನ್ನ ನೋಡಬೇಕು ಅಂತ ಹೊರಟು ಪೆಟ್ಟಿಗೆ ಕಟ್ಟಿದ್ದೆ, ಟಿಕೆಟ್ಟನ್ನೂ ತಗೊಂಡಿದ್ದೆ. ಆಮೇಲೆ ಯೋಚಿಸಿದೆ, ನಾನು ಬಂದು ಅವರ ಮುಂದೆ ಅತ್ತರೆ ಹಗುರ ಆಗೋದು ನನಗೆ, ಸಮಾಧಾನ ಮಾಡೋ ಕೆಲಸ ಅವರಿಗೆ. ಆದ್ದರಿಂದ ನೀನೇ ಹೋಗಿ ಅವರನ್ನ ಒಂದು ಮಾತು ಕೇಳು, ನಾನು ಯಾರು, ಏನು ಮಾಡಿದೆ ಎಲ್ಲ ಹೇಳಿ ಕೇಳು. ಬಾ ಅಂದರೆ ಬರ್ತೀನಿ. ಬೇಡ ಅಂದರೆ ಅದನ್ನೂ ಬರಿ.

ಅಕ್ಕ